ಸೂರ್ಯ ಹುಟ್ಟದ ಊರಿಗೆ ಅಕ್ಕನ ಕ್ಯಾಮೆರಾ

ಚಿಕ್ಕೋಡಿ

ಕತ್ತಲಾದರೆ ನಮ್ಮ ಅಕ್ಕನಿಗೆ ಕಣ್ಣು ಕಾಣುವುದಿಲ್ಲ. ಆಕೆ ನೋಡಲೇಬೇಕೆಂದು ಹಟ ಹಿಡಿದದ್ದು ಕತ್ತಲಲ್ಲಿ ಮಾತ್ರ ಕಾಣುವ ಒಂದು ಸಂಗತಿಯನ್ನು. ಈ ಪ್ರವಾಸದ ತೊಡಕು ಇಷ್ಟೇ. ಉಳಿದದ್ದೆಲ್ಲ ಇದರಿಂದ ಹುಟ್ಟಿಕೊಂಡದ್ದು.

ಅಕ್ಕನ ಹೆಸರು ಶಾಂತಾ. ನಿಪ್ಪಾಣಿ ತಾಲೂಕಿನ ಭೋಜದ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತಳಾದವಳು. ಧ್ರುವ ಪ್ರದೇಶದ ಪಾಠ ಬಂದಾಗಲೆಲ್ಲ ಅಲ್ಲಿನ ಚಳಿಗಾಲದ ಆಕಾಶದಲ್ಲಿ ಹರಿದಾಡುವ ಬಣ್ಣದ ಬೆಳಕಿನ ಬಗ್ಗೆ ಮಕ್ಕಳಿಗೆ ಹೇಳುತ್ತಿದ್ದಳು. ಕಂಡವಳಂತೆಯೇ ಹೇಳುತ್ತಿದ್ದಳು ಎಂದು ಅವಳ ಹಳೆಯ ವಿದ್ಯಾರ್ಥಿಗಳು ಈಗಲೂ ನಗುತ್ತಾರೆ. ಕೆಲವು ವರ್ಷಗಳಿಂದ ಅವಳ ದೃಷ್ಟಿ ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬಂದಿದೆ. ಹಗಲಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಕಾಣುತ್ತದೆ, ಸಂಜೆಯಾದ ಮೇಲೆ ದೀಪಗಳ ಹೊರತು ಏನೂ ಇಲ್ಲ. ಮಿರಜದ ಡಾಕ್ಟರು ಇದಕ್ಕೆ ಔಷಧವಿಲ್ಲ ಎಂದರು. ತಂಬಾಕು ಬಿಡಬೇಕು ಎಂದರು. ಹೊರಡುವಾಗ ಇನ್ನೊಂದು ಮಾತು ಸೇರಿಸಿದರು: ‘ಏನರೆ ನೋಡೂದಿದ್ರ ಈಗ ನೋಡ್ಕೊಂಬಿಡ್ರಿ.’

ಅಕ್ಕ ಎರಡನ್ನೂ ಗಂಭೀರವಾಗಿ ತೆಗೆದುಕೊಂಡಳು. ತಂಬಾಕು ಬಿಟ್ಟೆ ಎಂದು ಮನೆಮಂದಿಯ ಎದುರು ಸಾರಿದಳು. ನಾರ್ವೆಗೆ ಹೋಗುತ್ತೇನೆ ಎಂದೂ ಸಾರಿದಳು. ಅವಳ ಗಂಡನಿಗೆ ಬರಲಾಗುತ್ತಿರಲಿಲ್ಲ, ಹೊಲಕ್ಕೆ ಕಬ್ಬು ಕಡಿಯುವ ಗ್ಯಾಂಗು ಬರುವ ಹೊತ್ತು ಅದು. ಹೀಗಾಗಿ ಆ ಕೆಲಸ ತಮ್ಮನಾದ ನನಗೆ ಬಂತು. ನಾನು ಚಿಕ್ಕೋಡಿಯಲ್ಲಿ ಪತ್ರಿಕೆಯ ವರದಿಗಾರ. ಕಬ್ಬಿನ ಬೆಲೆಯ ಧರಣಿ, ಕೃಷ್ಣೆಯ ಪ್ರವಾಹ, ಗಡಿಯ ಸಭೆಗಳು, ಇವು ನನ್ನ ಕ್ಷೇತ್ರ. ಆಕಾಶದ ಸುದ್ದಿ ಬರೆದವನಲ್ಲ.

‘ಅಕ್ಕಾ, ಅಷ್ಟ ದೂರ ಹೋಗಿ ಕತ್ತಲದಾಗ ನಿಂತ ಏನ್ ನೋಡ್ತಿ?’ ಎಂದು ಕೇಳಿದೆ.

‘ಕ್ಯಾಮೆರಾದಾಗ ನೋಡ್ತೀನಿ,’ ಎಂದಳು. ‘ಅದರ ಪರದಿ ಮ್ಯಾಲ ಬೆಳಕ ಇರತೈತಲ್ಲ. ಅದು ನೋಡಲಿ, ನಾ ಅದನ್ನ ನೋಡ್ತೀನಿ.’

ಈ ಲೆಕ್ಕಾಚಾರ ಹಿಡಿದುಕೊಂಡು ಸಂಜು ಎಂಬವನ ಸ್ಟುಡಿಯೋಕ್ಕೆ ಹೋದೆವು. ಸುತ್ತಲಿನ ಊರುಗಳ ಮದುವೆಗಳೆಲ್ಲ ಅವನ ಪಾಲಿಗೆ. ಅಕ್ಕನ ವಿದ್ಯಾರ್ಥಿಯೂ ಹೌದು. ನಮ್ಮ ಗಡಿ ಭಾಗದಲ್ಲಿ ಶಿಕ್ಷಕಿಯರನ್ನು ಬಾಯಿ ಎನ್ನುವುದು ವಾಡಿಕೆ.

‘ಯಾ ಯಾ ಬಾಯಾರ, ಬಸಾ,’ ಎಂದು ಮರಾಠಿಯಲ್ಲಿ ಕೂರಿಸಿ ಕನ್ನಡಕ್ಕೆ ತಿರುಗಿದ. ‘ಕ್ಯಾಮೆರಾ ಯಾಕ್ರಿ? ಈಗಿನ ಮೊಬೈಲ ಸಾಕಲ್ರಿ, ಕತ್ತಲದಾಗೂ ತಗೀತಾವು.’

‘ಮೊಬೈಲ ಅಗಲ ಆಗತೈತೋ. ಒಂದ ಮೂಲಿ ನೋಡಿದ್ರ ಇನ್ನೊಂದ ಮೂಲಿ ಕಾಣಾಂಗಿಲ್ಲ. ಮತ್ತ ಕೈಗವಸ ಹಾಕ್ಕೊಂಡ ಅದನ್ನ ತಿಕ್ಕಿದ್ರ ಅದಕ ಗೊತ್ತ ಆಗತೈತೇನ?’

ಸಂಜು ತಲೆ ಕೆರೆದುಕೊಂಡ. ಅವನ ಗಿರಾಕಿಗಳು ಫೋಟೋ ಹೇಗೆ ಬರುತ್ತದೆ ಎಂದು ಕೇಳುತ್ತಾರೆ. ಪರದೆ ಎಷ್ಟು ಚಿಕ್ಕದು, ಗುಂಡಿ ಬೆರಳಿಗೆ ಸಿಗುತ್ತದೆಯೋ ಇಲ್ಲವೋ ಎಂದು ಕೇಳಿದವರು ಇವಳೇ ಮೊದಲು. ಕಪಾಟಿನಿಂದ ಎರಡು ಸಣ್ಣ ಕ್ಯಾಮೆರಾ ತೆಗೆದ. ಒಂದು ಹೊಸತು, ಝೂಮ್ ಇದ್ದದ್ದು, ಪರದೆಯನ್ನು ಮುಟ್ಟಿ ನಡೆಸುವಂಥದ್ದು. ಇನ್ನೊಂದು ಯಾರೋ ಬಳಸಿ ಮಾರಿದ್ದು. ಝೂಮ್ ಇಲ್ಲ, ಲೆನ್ಸಿನ ಬಾಯಿ ಮಾತ್ರ ಅಗಲ, ಒಳಗೆ ಬೆಳಕು ಹಿಡಿಯುವ ಸೆನ್ಸರ್ ದೊಡ್ಡದು, ಗುಂಡಿಗಳು ದಪ್ಪ.

‘ಕತ್ತಲದಾಗ ಝೂಮ್ ತೊಗೊಂಡ ಏನ್ ಮಾಡ್ತೀರಿ ಸರ, ಎಳದಷ್ಟೂ ಬೆಳಕ ಕಡಿಮಿ ಆಗತೈತಿ,’ ಎಂದು ನನಗೆ ಹೇಳಿದ. ‘ಆದ್ರ ಹಗಲಿನ ಫೋಟೋ ಹೊಸಾದ್ರಾಗ ಚಂದ ಬರ್ತಾವ್ರಿ. ಎರಡೂ ಒಯ್ರಿ, ತಂಪ ಇದ್ದಲ್ಲಿ ನೋಡಿ ಬರ್ರಿ.’

ತಂಪು ಎಲ್ಲಿ ತರುವುದು? ಚಿಕ್ಕೋಡಿಯ ಚಳಿ ಒಂದು ಕಂಬಳಿಗೆ ಹೆದರಿ ಓಡುವಂಥದ್ದು.

ಐನಾಪುರದ ಹತ್ತಿರ

ದ್ರಾಕ್ಷಿ ಒಣಗಿಸಿ ಇಡುವ ಕೋಲ್ಡ್ ಸ್ಟೋರೇಜ್ ನೆನಪಾದದ್ದು ಅಕ್ಕನಿಗೇ. ಕಾಗವಾಡ ತಾಲೂಕಿನ ಪರಿಚಯದ ಬೆಳೆಗಾರರೊಬ್ಬರ ಮಾಲು ಅಲ್ಲಿತ್ತು. ಕಾವಲುಗಾರ ದಪ್ಪ ಬಾಗಿಲು ಎಳೆದಾಗ ಒಳಗಿನಿಂದ ಹುಳಿ ಸಿಹಿ ವಾಸನೆಯ ಜೊತೆ ತಣ್ಣನೆಯ ಗಾಳಿ ಹೊರಬಂತು. ಒಳಗೆ ಮಾಡಿನವರೆಗೂ ಬೇದಾಣಿಯ, ಅಂದರೆ ಒಣದ್ರಾಕ್ಷಿಯ, ಪೆಟ್ಟಿಗೆಗಳು. ದೀಪ ಆರಿಸಲು ಕೇಳಿಕೊಂಡೆ.

‘ಬೇದಾಣಿ ನೋಡಾಕ ಬಂದವ್ರು ಲೈಟ್ ಹಚ್ಚು ಅಂತಾರ್ರಿ,’ ಎಂದ ಅವನು. ‘ನೀವ್ ಆರಸು ಅಂತೀರಿ. ಒಳಗ ದೆವ್ವ ಗಿವ್ವ ಹುಡುಕ್ತೀರೇನ?’

‘ದೆವ್ವ ಕಂಡ್ರ ಫೋಟೋ ತಗದ ನಿನಗೂ ಒಂದ ಕೊಡ್ತೀನಿ, ಬಾಗಲಾ ಮುಚ್ಚು,’ ಎಂದಳು ಅಕ್ಕ.

ಕತ್ತಲಾಯಿತು. ಬಾಗಿಲ ಸಂದಿಯ ಒಂದು ಗೆರೆ ಬಿಟ್ಟರೆ ಬೇರೆ ಬೆಳಕಿಲ್ಲ. ಹೊಸ ಕ್ಯಾಮೆರಾವನ್ನು ಕೈಗವಸು ತೊಟ್ಟ ಕೈಯಲ್ಲಿ ಕೊಟ್ಟೆ. ಪರದೆ ಅವಳ ಮಾತು ಕೇಳಲಿಲ್ಲ, ತಾನೇ ಬೇರೆ ಏನನ್ನೋ ತೆರೆದುಕೊಂಡು ಕೂತಿತು. ಎರಡನೆಯದನ್ನು ಕೊಟ್ಟೆ. ಹೆಬ್ಬೆರಳಿನಿಂದ ಗುಂಡಿಗಳನ್ನು ಒಂದೊಂದಾಗಿ ತಡವಿ ನೋಡಿದಳು. ಆಮೇಲೆ ಪೆಟ್ಟಿಗೆಯ ಮೇಲೆ ಅದನ್ನು ಕೂರಿಸಿ ಒತ್ತಿದಳು. ಕ್ಯಾಮೆರಾ ಕೆಲವು ಕ್ಷಣ ಬಾಯಿ ತೆರೆದುಕೊಂಡೇ ಇದ್ದು, ಸಣ್ಣ ಸದ್ದು ಮಾಡಿ ಮುಚ್ಚಿತು. ಪರದೆ ಬೆಳಗಿತು.

ಅಕ್ಕ ಅದನ್ನು ಮೂಗಿನ ಹತ್ತಿರ ಹಿಡಿದು ಓದಿದಳು. ಪೆಟ್ಟಿಗೆಗಳ ಮೇಲಿನ ಅಕ್ಷರಗಳನ್ನು, ಮೂಲೆಯ ತಳ್ಳುಗಾಡಿಯನ್ನು, ಗೋಡೆಗೆ ಒರಗಿ ನಿಂತಿದ್ದ ಕಾವಲುಗಾರನ ಮಫ್ಲರನ್ನು. ನನಗೆ ಅಲ್ಲಿ ಮನುಷ್ಯ ನಿಂತಿದ್ದಾನೆಂಬುದೇ ಗೊತ್ತಾಗಿರಲಿಲ್ಲ.

‘ಇದ ಇರ್ಲಿ,’ ಎಂದಳು.

ಸಂಜು ಮತ್ತೊಂದು ಬ್ಯಾಟರಿ ಕೊಟ್ಟು ಎಚ್ಚರಿಕೆ ಹೇಳಿದ: ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ, ಬಳಸದೇ ಇರುವಾಗ ಮೈಯ ಬೆಚ್ಚಗಿನಲ್ಲಿ ಇಟ್ಟುಕೊಳ್ಳಿ. ಅಕ್ಕ ಅದನ್ನು ಸೊಂಟದ ಬಟ್ಟೆಯ ಚೀಲಕ್ಕೆ ಸೇರಿಸಿ ದಾರ ಬಿಗಿದಳು. ಅದರಲ್ಲಿ ಇನ್ನೇನಿದೆ ಎಂದು ನಾನು ಕೇಳಲಿಲ್ಲ.

ಟ್ರೊಮ್ಸೊ

ವಿಮಾನಗಳ ಕಥೆ ಬಿಡುತ್ತೇನೆ. ನಾರ್ವೆಯ ಉತ್ತರದ ಈ ಊರಿನಲ್ಲಿ ನಾವು ಇಳಿದಾಗ ಮಧ್ಯಾಹ್ನದ ಊಟದ ಹೊತ್ತು, ಬೀದಿದೀಪಗಳು ಉರಿಯುತ್ತಿದ್ದವು. ಚಳಿಗಾಲದ ನಡುವೆ ಇಲ್ಲಿ ವಾರಗಟ್ಟಲೆ ಸೂರ್ಯ ಹುಟ್ಟುವುದಿಲ್ಲ. ನಡುಹಗಲಲ್ಲಿ ಗುಡ್ಡಗಳ ಹಿಂದೆ ನೀಲಿ ಬಣ್ಣದ ಒಂದು ನಸುಕು ಹರಿದು, ನಾವು ಚಹಾ ಮುಗಿಸುವಷ್ಟರಲ್ಲಿ ಹೋಗುತ್ತದೆ. ಭೂಗೋಳದ ಶಿಕ್ಷಕಿಗೆ ಇದು ಗೊತ್ತಿತ್ತು. ಗೊತ್ತಿರುವುದು ಬೇರೆ, ಇಡೀ ದಿನ ತಮ್ಮನ ಮೊಣಕೈ ಹಿಡಿದು ನಡೆಯುವುದು ಬೇರೆ.

ಆದರೆ ಊರು ಅವಳಿಗೆ ಅನುಕೂಲವಾಗಿಯೇ ಇತ್ತು. ಮನೆಗಳ ಕಿಟಕಿಗಳಲ್ಲಿ ಪರದೆಯೆಂಬುದಿಲ್ಲ, ಪ್ರತಿ ಕಿಟಕಿಯಲ್ಲೂ ಒಂದು ದೀಪ. ದಾರಿಹೋಕರೆಲ್ಲ ಬೆಳಕು ಬಿದ್ದರೆ ಹೊಳೆಯುವ ಪಟ್ಟಿಗಳನ್ನು ತೋಳಿಗೆ, ನಾಯಿಯ ಕೊರಳಿಗೆ ಕಟ್ಟಿರುತ್ತಾರೆ. ಮೊದಲ ದಿನ ಅಕ್ಕ ಆ ಹೊಳಪುಗಳನ್ನು ಎಣಿಸುತ್ತ ನಡೆದಳು.

‘ಉಣ್ಣೂದು ತಿನ್ನೂದು ಎಲ್ಲಾ ಹೊರಗಿನವ್ರಿಗೆ ಕಾಣತೈತಿ. ಇವ್ರಿಗೆ ದೃಷ್ಟಿ ತಾಗಾಂಗಿಲ್ಲೇನೋ?’

‘ಹಾದು ಹೋಗವ್ರು ಯಾರೂ ಒಳಗ ನೋಡಾಕತ್ತಿಲ್ಲಕ್ಕಾ.’

‘ಹೌದಾ? ಹಂಗಾದ್ರ ನೀ ಯಾಕ ನೋಡಾಕತ್ತಿ?’

ಬಸ್ಸಿನಲ್ಲಿ ಇಲ್ಲಿಯವರು ಎರಡು ಸೀಟಿಗೆ ಒಬ್ಬರಂತೆ ಕೂರುತ್ತಾರೆ. ಪಕ್ಕದ ಜಾಗ ಖಾಲಿಯಿದ್ದರೂ ನಿಂತೇ ಬರುತ್ತಾರೆ. ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವ ಚಿಕ್ಕೋಡಿ ಬಸ್‌ಸ್ಟ್ಯಾಂಡಿನಿಂದ ಬಂದ ನಮಗೆ ಈ ಸಂಕೋಚ ಅರ್ಥವಾಗಲಿಲ್ಲ. ಅಕ್ಕ ನೇರ ಹೋಗಿ ಒಬ್ಬ ಮುದುಕರ ಪಕ್ಕ ಕೂತಳು. ಅವರು ಗಾಬರಿಯಾದಂತೆ ಕಂಡರು. ಇಳಿಯುವಾಗ ಮಾತ್ರ ಟೋಪಿ ಮುಟ್ಟಿ ತಲೆ ಬಾಗಿಸಿದರು.

ಬೆಳಗಿನ ತಿಂಡಿಗೆ ಕಂದು ಬಣ್ಣದ ಚೀಸಿನ ತೆಳು ಹಾಳೆಗಳನ್ನು ರೊಟ್ಟಿಯ ಮೇಲೆ ಹಾಸಿ ಕೊಡುತ್ತಾರೆ. ಅಕ್ಕ ಬಾಯಿಗಿಟ್ಟು ಕಣ್ಣು ಮುಚ್ಚಿ ತೀರ್ಪು ಕೊಟ್ಟಳು: ‘ಬೆಳಗಾವಿ ಕುಂದಾಕ ಉಪ್ಪ ಬಿದ್ದಂಗ ಐತಿ.’ ನಾನು ಇದಕ್ಕಿಂತ ಖಚಿತವಾಗಿ ಬರೆಯಲಾರೆ.

ಎರಡನೆಯ ದಿನ ಒಂದು ಚಹಾ ಅಂಗಡಿಯ ಮುಂದೆ ಅಕ್ಕ ಥಟ್ಟನೆ ನಿಂತಳು. ‘ಇಲ್ಲಿ ಕೂಸ ಐತಿ,’ ಎಂದಳು. ನೋಡಿದರೆ ಗೋಡೆಗೆ ಒತ್ತಿ ನಿಲ್ಲಿಸಿದ ತಳ್ಳುಗಾಡಿ, ಅದರೊಳಗೆ ಉಣ್ಣೆಯ ರಾಶಿ, ರಾಶಿಯ ನಡುವೆ ಒಂದು ಕೆಂಪು ಮೂಗು. ಮಗು ಸೊಗಸಾಗಿ ಗೊರಕೆ ಹೊಡೆಯುತ್ತಿತ್ತು. ಕೂಸುಗಳನ್ನು ತಣ್ಣನೆಯ ಗಾಳಿಯಲ್ಲಿ ಮಲಗಿಸುವುದು ಇಲ್ಲಿನ ರೂಢಿ ಎಂದು ಓದಿದ್ದೆ, ಹೇಳಿದೆ.

‘ರೂಢಿ ಅಂತ! ತಾಯಿ ಎಲ್ಲಿ ಅದಾಳ?’

‘ಒಳಗ ಕಾಫಿ ಕುಡ್ಯಾಕತ್ತಾಳ. ಕಿಟಕ್ಯಾಗಿಂದ ನೋಡಾಕತ್ತಾಳ.’

‘ಆಕಿ ಕುಡೀಲಿ. ಬರೂತನಕ ನಾ ಇಲ್ಲೇ ನಿಲ್ತೀನಿ.’

ನಿಂತಳು. ಹಿಮ ಬೀಳತೊಡಗಿದರೂ ಕದಲಲಿಲ್ಲ. ಕೊನೆಗೆ ಆ ತಾಯಿಯೇ ನಗುತ್ತ ಹೊರಬಂದು, ಇಬ್ಬರಿಗೂ ಬಿಸಿ ವಾಫಲ್ ಕೊಟ್ಟು, ಮಗುವನ್ನು ತಳ್ಳಿಕೊಂಡು ಹೋದಳು. ಕಾವಲು ಕಾದದ್ದಕ್ಕೆ ಸಂಬಳ ಎಂದು ಅಕ್ಕ ಅದನ್ನು ತಿಂದಳು.

ಆ ಸಂಜೆ ನನ್ನಿಂದ ಒಂದು ಎಡವಟ್ಟಾಯಿತು. ಹೊರಗೆ ತಣ್ಣಗಾಗಿದ್ದ ಕ್ಯಾಮೆರಾವನ್ನು ಕೋಣೆಯ ಬಿಸಿಗೆ ತಂದವನೇ ಚೀಲದಿಂದ ತೆಗೆದೆ. ಲೆನ್ಸು, ಪರದೆ, ಗುಂಡಿ ಎಲ್ಲವೂ ಬೆವತು ಮಂಜಾದವು. ಅಕ್ಕ ಪರದೆ ಮುಟ್ಟಿ ನೋಡಿ ಮಂಚದ ಮೇಲೆ ಕೂತಳು. ಅದು ಒಣಗಿ ಮತ್ತೆ ಬೆಳಗುವವರೆಗೆ ಅವಳು ಅಲ್ಲಿಂದ ಏಳಲಿಲ್ಲ. ಆ ಸಣ್ಣ ಪರದೆಯ ಮೇಲೆ ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಾಳೆಂದು ನನಗೆ ಆಗ ತಿಳಿಯಿತು. ಅದರ ನಂತರ ಕ್ಯಾಮೆರಾವನ್ನು ಹೊರಗಿನ ಚಳಿಯಲ್ಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಒಳಗೆ ತರುತ್ತಿದ್ದೆವು.

ಇಂಗ್ರಿಡ್‌ಳ ವ್ಯಾನು

ಊರ ದೀಪಗಳಿಂದ ದೂರ ಕರೆದೊಯ್ದು ಬೆಳಕು ತೋರಿಸುವ ಕೆಲಸ ಇಂಗ್ರಿಡ್ ಎಂಬ ತರುಣಿಯದು. ಸಣ್ಣ ವ್ಯಾನು, ಅವಳೇ ಚಾಲಕಿ. ನಮ್ಮ ಜೊತೆ ಮಾತು ಕಡಿಮೆಯ ವೃದ್ಧ ದಂಪತಿ ಮತ್ತು ಇಬ್ಬರು ಕಾಲೇಜು ಹುಡುಗಿಯರಿದ್ದರು. ಬೆಳಕು ಕಾಣಿಸುತ್ತದೆ ಎಂದು ಇಂಗ್ರಿಡ್ ಯಾರಿಗೂ ಭರವಸೆ ಕೊಡಲಿಲ್ಲ. ಮೋಡ ಸರಿಯಬೇಕು, ಆಕಾಶಕ್ಕೂ ಮನಸ್ಸಾಗಬೇಕು ಎಂದಳು.

ಮೊದಲ ಸಲ ಮೋಡ ಸರಿಯಲಿಲ್ಲ. ಮರುದಿನವೂ ಸರಿಯಲಿಲ್ಲ. ವ್ಯಾನಿನಲ್ಲಿ ಕಾಯುವಾಗ ಇಂಗ್ರಿಡ್ ಒಂದು ದುಂಡನೆಯ ಡಬ್ಬಿ ತೆರೆದು, ಬಿಳಿ ಪೊಟ್ಟಣವೊಂದನ್ನು ಮೇಲ್ದುಟಿಯೊಳಗೆ ಸೇರಿಸಿದಳು. ತುಟಿ ಉಬ್ಬಿತು.

‘ಹಲ್ಲ ನೋವೇನೋ ಆಕಿಗೆ?’ ಎಂದು ಅಕ್ಕ ಪಿಸುಗುಟ್ಟಿದಳು. ಒಳದೀಪದ ಬೆಳಕಿನಲ್ಲಿ ಅಷ್ಟು ಕಂಡಿತ್ತು.

‘ತಂಬಾಕಕ್ಕಾ. ಇಲ್ಲಿ ಹಿಂಗ ಇಟ್ಕೋತಾರ.’

ಅಕ್ಕ ‘ಹಾಂ’ ಎಂದಳು. ಆಮೇಲೆ ಬಹಳ ಹೊತ್ತು ಇಂಗ್ರಿಡ್‌ಳ ಕಡೆಗೇ ಮುಖ ಮಾಡಿಕೊಂಡು ಕೂತಿದ್ದಳು.

ಉಳಿದದ್ದು ಒಂದೇ ದಿನ. ಮರುದಿನ ಬೆಳಗ್ಗೆ ನಮ್ಮ ವಿಮಾನ. ತಿಂಡಿಯ ಮೇಜಿನಲ್ಲಿ ಅಕ್ಕ ಚೀಸ್ ಮುಟ್ಟಲಿಲ್ಲ.

‘ಕಾಣಲಿಲ್ಲಂದ್ರ ಮುಂದಿನ ವರ್ಷ ಬರೂಣ,’ ಎಂದೆ.

‘ಮುಂದಿನ ವರ್ಷ ಈ ಪರದೀನೂ ಕಾಣತೈತೋ ಇಲ್ಲೋ,’ ಎಂದಳು. ದುಃಖದಿಂದಲ್ಲ, ರೈಲಿನ ವೇಳೆ ಹೇಳುವಂತೆ.

ಹೆಪ್ಪುಗಟ್ಟಿದ ಸರೋವರ

ಊರಿನಲ್ಲಾದರೆ ಶಾಲೆ ಬಿಡುವ ಹೊತ್ತು. ಇಲ್ಲಿ ಕಪ್ಪು ಕತ್ತಲು. ಸರೋವರದ ದಂಡೆಯಲ್ಲಿ ಇಂಗ್ರಿಡ್ ವ್ಯಾನು ನಿಲ್ಲಿಸಿದಾಗ ಮೋಡ ಹರಿದು ನಕ್ಷತ್ರಗಳು ಕಾಣುತ್ತಿದ್ದವು. ಮೂಗಿನೊಳಗಿನ ಕೂದಲು ಗಟ್ಟಿಯಾಗುವಷ್ಟು ಚಳಿ. ಕ್ಯಾಮೆರಾವನ್ನು ಮೂರು ಕಾಲಿನ ಗಿಡ್ಡ ಸ್ಟ್ಯಾಂಡಿನ ಮೇಲೆ ಕೂರಿಸಿ, ಅಕ್ಕನ ಕೈಯನ್ನು ಗುಂಡಿಯ ಮೇಲಿಟ್ಟೆ. ಕಾದೆವು. ಕಾಯುತ್ತ ಬರಿಯ ನಕ್ಷತ್ರಗಳ ಪಟಗಳನ್ನು ತೆಗೆದುಕೊಂಡಳು, ಅದರಲ್ಲೇ ಬ್ಯಾಟರಿ ಸೋತು ಪರದೆ ಆರಿತು.

ಅದೇ ಹೊತ್ತಿಗೆ ಇಂಗ್ರಿಡ್ ಕೂಗಿದಳು.

ಗುಡ್ಡದ ನೆತ್ತಿಯಿಂದ ಒಂದು ಪಟ್ಟೆ ಮೇಲೇಳುತ್ತಿತ್ತು. ನಮ್ಮ ಕಡೆ ಬೆಲ್ಲದ ಗಾಣದ ಚಿಮಣಿಯಿಂದ ಏಳುವ ಹೊಗೆಯಂತೆ, ತೆಳು ಬೂದು ಬಣ್ಣ.

‘ಬಂತೇನ? ಬಂತೇನ್ ಲೇ?’

‘ಬಂದೈತಿ. ಆ ಇನ್ನೊಂದ ಬ್ಯಾಟರಿ ಕೊಡು.’

ಸೊಂಟದ ಚೀಲದಿಂದ ತೆಗೆದು ಕೊಟ್ಟಳು. ಬೆಚ್ಚಗಿತ್ತು. ಹಾಕಿದೆ, ಗುಂಡಿ ಒತ್ತಿದೆ. ಏನೂ ಇಲ್ಲ. ತೆಗೆದು ಮತ್ತೆ ಹಾಕಿದೆ. ಇಲ್ಲ. ಕೈಗವಸು ಕಳಚಿದ ಬೆರಳುಗಳು ನನ್ನವಲ್ಲ ಎನಿಸತೊಡಗಿದವು.

‘ಹೆಂಗೈತಿ? ಹೇಳರೆ ಹೇಳು!’

‘ತಡಿ ಅಕ್ಕಾ.’

ಇಂಗ್ರಿಡ್ ತನ್ನ ಕೆಂಪು ಟಾರ್ಚು ಹಿಡಿದಳು. ಬ್ಯಾಟರಿಯ ತುದಿಯ ತಾಮ್ರದ ಸಂದುಗಳಲ್ಲಿ ಕಪ್ಪು ಪುಡಿ ತುಂಬಿಕೊಂಡಿತ್ತು. ಮೂಸಿದೆ. ನಿಪ್ಪಾಣಿ ಸೀಮೆಯಲ್ಲಿ ಹುಟ್ಟಿದವರಿಗೆ ಈ ವಾಸನೆ ಹೇಳಿಕೊಡಬೇಕಾಗಿಲ್ಲ. ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಹುರಿದು ಪುಡಿ ಮಾಡಿ, ನಮ್ಮ ಹೆಂಗಸರು ಹಲ್ಲಿಗೆ ತಿಕ್ಕುತ್ತಾರೆ. ಅದಕ್ಕೆ ಮಶೇರಿ ಎನ್ನುತ್ತಾರೆ.

‘ಅಕ್ಕಾ, ಏನಿದು?’

ಅಕ್ಕ ಸೊಂಟದ ಚೀಲ ತಡವಿ ನೋಡಿದಳು. ‘ಡಬ್ಬಿ ಮುಚ್ಚಳ ಬಿಚ್ಚಿರಬೇಕು.’

‘ಬಿಟ್ಟೀನಿ ಅಂದಿದ್ದೆಲ್ಲ?’

‘ಭೋಜದಾಗ ಬಿಟ್ಟೀನಿ. ಇಲ್ಲಿ ಚಳಿ ಐತಿ.’ ಮತ್ತೆ ಧ್ವನಿ ಏರಿಸಿ, ‘ಬೈಯೂದ ಆಮ್ಯಾಲ ಬೈಯಿ, ಮೊದಲ ಒರಸು!’ ಎಂದಳು.

ಇಂಗ್ರಿಡ್ ಬಾಗಿ ಮೂಸಿ ನೋಡಿದಳು. ಜೋರಾಗಿ ನಕ್ಕು, ತನ್ನ ಮೇಲ್ದುಟಿ ಎತ್ತಿ ಟಾರ್ಚಿನ ಬೆಳಕಿನಲ್ಲಿ ತೋರಿಸಿದಳು. ಆಮೇಲೆ ಬೆಂಕಿಕಡ್ಡಿಯೊಂದಕ್ಕೆ ಕನ್ನಡಕ ಒರೆಸುವ ಬಟ್ಟೆ ಸುತ್ತಿ, ಬ್ಯಾಟರಿ ಇಸಿದುಕೊಂಡು, ಸಂದುಗಳನ್ನು ಕೆರೆಯತೊಡಗಿದಳು. ನಾನು ಮೇಲೆ ನೋಡಿದೆ. ಪಟ್ಟೆ ಕರಗುತ್ತಿತ್ತು. ಗುಡ್ಡದ ಮೇಲೆ ಅದರ ಬಾಲವಷ್ಟೇ ಉಳಿದಿತ್ತು.

‘ಐತೇನ ಇನ್ನ?’

‘ಐತಿ,’ ಎಂದೆ. ಬಾಲವೂ ಹೋಯಿತು.

ಬ್ಯಾಟರಿ ಕೂತಾಗ ಪರದೆ ಬೆಳಗಿತು. ಆಕಾಶ ಮಾತ್ರ ಖಾಲಿ. ಅಕ್ಕನಿಗೆ ಅದನ್ನು ಹೇಳುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ನೆತ್ತಿಯ ಮೇಲೆ ಆ ಹೊಗೆ ಮತ್ತೆ ಹರಡಿತು, ಈ ಸಲ ಅಗಲವಾಗಿ, ಆ ತುದಿಯಿಂದ ಈ ತುದಿಗೆ. ಕ್ಯಾಮೆರಾದ ಮೂತಿ ಮೇಲೆತ್ತಿ ‘ಒತ್ತು’ ಎಂದೆ.

ಒತ್ತಿದಳು. ಕೆಲವು ಕ್ಷಣ ಯಾರೂ ಕದಲಲಿಲ್ಲ. ಸಣ್ಣ ಸದ್ದು. ಅಕ್ಕ ಮಂಡಿಯೂರಿ ಪರದೆಗೆ ಮುಖ ಹಚ್ಚಿದಳು. ಅವಳ ಕೆನ್ನೆಯ ಮೇಲೆ ಬೆಳಕು ಬಿತ್ತು.

ಮತ್ತೆ ಒತ್ತಿದಳು, ಮತ್ತೆ ನೋಡಿದಳು. ‘ಹಸರ ಐತಿ,’ ಎಂದಳು ಮೆಲ್ಲಗೆ. ‘ಎಳೀ ಗೋದಿ ಬೆಳಿ ಇದ್ದಂಗ. ಕೆಳಗ ಅಂಚಿಗೆ ಗುಲಾಬಿ ಐತಿ.’

ನಾನು ಕತ್ತೆತ್ತಿ ನೋಡಿದೆ. ‘ಬೂದಿ ಬಣ್ಣ ಐತಲ್ಲಕ್ಕಾ. ಹೊಗಿ ಇದ್ದಂಗ.’

‘ನೀನೂ ಒಮ್ಮೆ ಮಿರಜಕ ಹೋಗಿ ಕಣ್ಣ ತೋರಸ್ಕೊಂಡ ಬಾ.’

ಇಂಗ್ರಿಡ್ ವಿವರಿಸಿದಳು: ಮಂದ ಬೆಳಕಿನಲ್ಲಿ ಮನುಷ್ಯರ ಕಣ್ಣಿಗೆ ಬಣ್ಣ ಹಿಡಿಯುವುದು ಕಷ್ಟ. ಬೆಳಕು ಬಲವಾದರೆ ನಮಗೂ ಹಸಿರು ಕಾಣುತ್ತದೆ, ಇಂದಿನದು ಅಷ್ಟಿಲ್ಲ. ಅಗಲ ಬಾಯಿಯ ಕ್ಯಾಮೆರಾ ಕೆಲವು ಕ್ಷಣದ ಬೆಳಕನ್ನೆಲ್ಲ ಕೂಡಿಸಿಕೊಳ್ಳುವುದರಿಂದ ಅದಕ್ಕೆ ಕಾಣುತ್ತದೆ. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಅಕ್ಕ ಕೇಳಿಸಿಕೊಂಡಳೋ ಇಲ್ಲವೋ.

‘ಈಗ ಬಲಕ್ಕ ಸರೀತು,’ ಎನ್ನುತ್ತಿದ್ದಳು. ‘ಈಗ ಮಡಚಿತು. ಕಿಟಕಿ ಪರದಿ ಗಾಳಿಗೆ ಮಡಚತೈತಲ್ಲ, ಹಂಗ.’

ಕಾಲೇಜು ಹುಡುಗಿಯರ ಮೊಬೈಲುಗಳು ಚಳಿಗೆ ಸತ್ತುಹೋಗಿದ್ದವು. ವೃದ್ಧರ ಕೈ ನಡುಗಿ ಬರಿಯ ಗೀಟುಗಳು ಬಂದಿದ್ದವು. ಅವರೆಲ್ಲ ಒಬ್ಬೊಬ್ಬರಾಗಿ ಅಕ್ಕನ ಹಿಂದೆ ಬಂದು, ಅವಳ ಹೆಗಲ ಮೇಲಿಂದ ಬಗ್ಗಿ ನೋಡತೊಡಗಿದರು. ಉಸಿರು ತಾಗಿ ಪರದೆ ಮಂಜಾಯಿತು. ಅಕ್ಕ ಕೈಗವಸಿನಿಂದ ಅದನ್ನು ಒರೆಸಿ ಎದ್ದು ನಿಂತಳು.

‘ಹಿಂಗ ಮುಗಿ ಬಿದ್ರ ಯಾರಿಗೂ ಕಾಣಾಂಗಿಲ್ಲ. ಸಾಲ ಹಚ್ಚಿ ನಿಲ್ರಿ. ಎಲ್ಲಾರಿಗೂ ತೋರಸ್ತೀನಿ.’

ಹೇಳಿದ್ದು ಅಪ್ಪಟ ಭೋಜದ ಕನ್ನಡದಲ್ಲಿ. ನಾನು ಅನುವಾದಿಸಲು ಬಾಯಿ ತೆರೆಯುವುದರೊಳಗೆ ಅವರು ಹಿಮದ ಮೇಲೆ ಒಬ್ಬರ ಹಿಂದೆ ಒಬ್ಬರು ನಿಂತಿದ್ದರು. ಮೊದಲು ಅಜ್ಜಿ, ಆಮೇಲೆ ಅಜ್ಜ, ಹುಡುಗಿಯರು, ಕೊನೆಗೆ ಈ ಬೆಳಕನ್ನು ಪ್ರತಿ ಚಳಿಗಾಲ ನೋಡುವ ಇಂಗ್ರಿಡ್ ಕೂಡ. ಅಕ್ಕ ಗುಂಡಿ ಒತ್ತುವುದು, ತಾನು ಮೊದಲು ನೋಡುವುದು, ಪಕ್ಕಕ್ಕೆ ಸರಿದು ಮುಂದಿನವರಿಗೆ ತೋರಿಸುವುದು. ಎಲ್ಲಿ ನೋಡಬೇಕೆಂದು ಪರದೆಯ ಮೇಲೆ ಬೆರಳಿಟ್ಟು ಹೇಳುವುದು.

ಅಣ್ಣತಮ್ಮಂದಿರಿಗೆ ರಿಯಾಯಿತಿ ಇರಬಹುದೆಂದು ನಾನು ಪಕ್ಕದಿಂದ ತಲೆ ತೂರಿಸಿದೆ.

‘ಲೇ, ನಡುವ ನುಗ್ಗಬ್ಯಾಡ,’ ಎಂದಳು, ಪರದೆಯಿಂದ ಕಣ್ಣು ತೆಗೆಯದೆ. ‘ಹಿಂದ ಹೋಗಿ ನಿಲ್ಲು. ನಿನ್ನ ಪಾಳಿ ಬರತೈತಿ.’